ಡಿಕ್ಕಿ ಮುಗಿದ ಮೇಲಿನ ಲಾವಾ

ನಾನು ಕಲ್ಲು ಓದುವವನು ಎಂದು ಈ ಗಚ್ಚಿಬೌಲಿ ಬಡಾವಣೆಯಲ್ಲಿ ಯಾರಿಗೂ ಹೇಳುವುದನ್ನು ಬಿಟ್ಟಿದ್ದೇನೆ. ಹೇಳಿದರೆ ಒಬ್ಬರು ಉಂಗುರದ ಬೆರಳು ಮುಂದೆ ಚಾಚುತ್ತಾರೆ, ಇನ್ನೊಬ್ಬರು ಅಡುಗೆಮನೆಗೆ ಯಾವ ಗ್ರಾನೈಟ್ ಹಾಕಿಸಲಿ ಎನ್ನುತ್ತಾರೆ. ಕೆಳಗಿನ ಫ್ಲ್ಯಾಟಿನ ಸಾಫ್ಟ್‌ವೇರ್ ಮಹಾಶಯರು ಲಿಫ್ಟಿನಲ್ಲಿ ಮೂರು ಮಹಡಿ ನನ್ನ ವಿವರಣೆ ಕೇಳಿ, "ಅದರಿಂದ ಉಪಯೋಗ ಏನು ಸರ್?" ಎಂದು ಇಳಿದುಹೋದರು. ಉತ್ತರ ಕೊಡಲು ಇನ್ನೊಂದು ಮಹಡಿ ಬೇಕಿತ್ತು.

ಊರ ತುಂಬ ಕಂಪನಿಗಳು ಏಳುತ್ತಿವೆ. ಇನ್ನೂರೈವತ್ತು ಕೋಟಿ ವರ್ಷ ತೆಪ್ಪಗೆ ಕೂತಿದ್ದ ಬಂಡೆಗಳಿಗೆ ಮದ್ದಿಟ್ಟು ಕಾರು ನಿಲ್ಲಿಸಲು ಜಾಗ ಮಾಡುತ್ತಿದ್ದಾರೆ. ಆ ಢಂ ಢಂ ನಡುವೆ ಕೂತು ನಾನು ಬರೆಯುತ್ತಿರುವ ಲೇಖನದ ಪ್ರಶ್ನೆ ಇಷ್ಟೇ: ಎರಡು ಭೂಖಂಡಗಳು ಡಿಕ್ಕಿ ಹೊಡೆದು, ಹಿಮಾಲಯ ಎದ್ದು, ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ಕೋಟಿಗಟ್ಟಲೆ ವರ್ಷ ಬಿಟ್ಟು ಅಲ್ಲಿ ಲಾವಾ ಉಕ್ಕಿದ್ದೇಕೆ? ಆಗಲೇ ಉಕ್ಕಿದ್ದರೆ ಒಪ್ಪಬಹುದಿತ್ತು. ಇಷ್ಟು ತಡವಾಗಿ ಎಂಥ ಸಿಟ್ಟು? ನನ್ನ ವಾದ ಹೀಗಿದೆ. ನಡುವೆ ಇದ್ದ ಸಮುದ್ರದ ತಳ ಆಳಕ್ಕೆ ಜಾರುವಾಗ ತನ್ನ ನೀರು, ಕೆಸರು ಎಲ್ಲವನ್ನೂ ಅಲ್ಲಿನ ಬಂಡೆಗೆ ಕುಡಿಸಿರುತ್ತದೆ. ಬಂಡೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುತ್ತದೆ. ಎಷ್ಟೋ ಕಾಲದ ಮೇಲೆ ಭೂಖಂಡದ ಭಾರವಾದ ತಳ ಕಳಚಿ ಬಿದ್ದು ಕೆಳಗಿನ ಕಾವು ಮೇಲೆ ಬಂದಾಗ, ಆ ಹಳೆಯದೆಲ್ಲ ಕರಗಿ ಹೊರಬೀಳುತ್ತದೆ.

ಇದಕ್ಕೆ ನನ್ನ ಸಾಕ್ಷಿ ಲಡಾಖಿನ ಆಚೆ ತುದಿಯಿಂದ ತಂದ ಹದಿನೇಳನೆಯ ನಂಬರಿನ ಕರಿಕಲ್ಲು. ಅದನ್ನು ಇನ್ನೊಮ್ಮೆ ಪರೀಕ್ಷಿಸಿ ಫಲಿತಾಂಶ ಕಳಿಸದಿದ್ದರೆ ಲೇಖನ ಅಚ್ಚಾಗದು ಎಂದು ವಿಜ್ಞಾನ ಪತ್ರಿಕೆಯವರು ಬರೆದರು. ಹನ್ನೆರಡು ವರ್ಷದ ದುಡಿಮೆ ಒಂದು ಕಲ್ಲಿನ ಮೇಲೆ ನಿಂತಿತು. ಬಾಲ್ಕನಿಗೆ ಹೋಗಿ ನೋಡಿದರೆ ಕಲ್ಲಿನ ಚೀಲಗಳಲ್ಲಿ ಹದಿನೇಳನೆಯದೂ ಸೇರಿ ಆರು ಖಾಲಿ. ಪಕ್ಕದಲ್ಲೇ ವಾಷಿಂಗ್ ಮಷೀನಿಗೆಂದು ಹೊಸ ಕಾಂಕ್ರೀಟ್ ಕಟ್ಟೆ.

ಕಟ್ಟಿದವನು ಎದುರಿನ ಕಟ್ಟಡದಲ್ಲಿ ಕೆಲಸ ಮಾಡುವ ಯಾದಗಿರಿಯ ಗೌಂಡಿ ಸಾಬಣ್ಣ. ಕರೆದು ಕೇಳಿದೆ.

"ಕಾಂಕ್ರೀಟಿಗೆ ಖಡಿ ಕಮ್ಮಿ ಬಿದ್ದಿತ್ರಿ ಸಾಹೇಬ್ರ. ಅಕ್ಕಾರು ಈ ಕಲ್ಲ ಕೊಟ್ರು, ಒಡದು ಹಾಕೀನಿ. ಭಾಳ ಘಟ್ಟಿ ಕಲ್ಲರಿ. ಈ ಕಟ್ಟಿ ನೀವು ಇರೂತನಕ ಅಳ್ಳಾಡಂಗಿಲ್ಲ."

ನನ್ನ ಕಲ್ಲನ್ನು ಮನಸಾರೆ ಹೊಗಳಿದ ಮೊದಲ ಮನುಷ್ಯ ಅವನು. ಅವನ ಮೇಲೆ ರೇಗಲು ಬಾಯಿ ಬರಲಿಲ್ಲ. ಒಳಗೆ ಹೋಗಿ ಹೆಂಡತಿಯ ಮೇಲೆ ರೇಗಿದೆ.

"ಚೀಲದ ಮ್ಯಾಲ ನಂಬರ್ ಇತ್ತಲ್ಲ, ನೋಡಬಾರದೇನು?"

"ನೋಡೇ ಕೊಟ್ಟೀನಿ," ಎಂದಳು ಪ್ರಮೀಳಾ. "ಆ ಚೀಲ ಹೊಲದಾಕಿ ನಾನು, ನಂಬರ್ ಬರದಾಕಿ ನಾನು. ಹದಿನೇಳು ಯಾವುದಂತ ನನಗ ಗೊತ್ತಿಲ್ಲೇನು? ಮದಿವಿ ಆಗಿ ಎಂಟ ದಿನಕ್ಕ ನನ್ನ ಕಲಬುರ್ಗ್ಯಾಗ ಬಿಟ್ಟು ತರಾಕ ಹೋಗಿದ್ರಲ್ಲ, ಆ ಕಲ್ಲು. ಎರಡು ತಿಂಗಳು ಒಂದ ಪತ್ರಾ ಬರೀಲಿಲ್ಲ ನೀವು. ಅದನ್ನ ಮೊದಲ ಕೊಟ್ಟೆ."

ಹನ್ನೆರಡು ವರ್ಷದಲ್ಲಿ ಈ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ. ಹಬ್ಬ ಬಂದಾಗಲೆಲ್ಲ ಆ ಕಲ್ಲುಗಳ ಧೂಳು ಒರೆಸಿ ಜೋಡಿಸಿಟ್ಟವಳೂ ಅವಳೇ.

"ಆವಾಗ ಹೇಳಬೇಕಿತ್ತು. ಇಷ್ಟು ವರ್ಷ ಬಿಟ್ಟು ಈಗ್ಯಾಕ?" ಎಂದೆ. ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅದು ನನ್ನ ಲೇಖನದ ಮೊದಲನೆಯ ಸಾಲು.

ಲಾವಾ ತಡವಾಗಿ ಉಕ್ಕುವ ಬಗ್ಗೆ ನನ್ನಷ್ಟು ಓದಿದವರು ಈ ಊರಿನಲ್ಲಿ ಇಬ್ಬರೋ ಮೂವರೋ ಇರಬಹುದು. ಆ ಓದು ಮನೆಯೊಳಗೆ ನಯಾಪೈಸೆ ಉಪಯೋಗಕ್ಕೆ ಬರಲಿಲ್ಲ. ಲಿಫ್ಟಿನ ಮಹಾಶಯರು ಕೇಳಿದ್ದು ಸರಿಯಾಗಿಯೇ ಇತ್ತು.

ಮೂರು ದಿನ ಉಳಿದ ಚೀಲಗಳನ್ನು ತಡಕಾಡಿದೆ, ಅಂಥ ಕಲ್ಲು ಇನ್ನೊಂದಿಲ್ಲ. ಕಟ್ಟೆ ಒಡೆಸಿ ಫಲವಿಲ್ಲ, ಸಿಮೆಂಟಿನಲ್ಲಿ ಕಲಸಿದ ಕಲ್ಲು ಪರೀಕ್ಷೆಗೆ ಬಾರದು. ನಾಲ್ಕನೆಯ ದಿನ ಅವಳು ಮಷೀನಿಗೆ ಬಟ್ಟೆ ತುಂಬುವಾಗ ಬಾಗಿಲಲ್ಲಿ ನಿಂತು, ತಪ್ಪು ನನ್ನದೇ ಎಂದೆ. ಅದೇ ಗುಡ್ಡಕ್ಕೆ ಮತ್ತೆ ಹೋಗಿ ಬೇರೆ ಕಲ್ಲು ತರಬೇಕಾಗಿದೆ ಎಂದೂ ಹೇಳಿದೆ.

"ಯಾವಾಗ?"

"ಜೂನಿನಾಗ."

ಅವಳು ಗುಂಡಿ ಒತ್ತಿದಳು. ಮಷೀನು ಗಡಗಡ ಎಂದಿತು. ಕಟ್ಟೆ ನಿಜಕ್ಕೂ ಅಳ್ಳಾಡಲಿಲ್ಲ.

"ಟಿಕೀಟ್ ಎರಡು ತಗೀರಿ," ಎಂದಳು. "ಚೀಲ ಆಗ್ಲೇ ಹೊಲದಿಟ್ಟೀನಿ."

ಪತ್ರಿಕೆಯವರಿಗೆ ಇನ್ನೊಂದು ವರ್ಷ ಬೇಕೆಂದು ಬರೆದೆ. ತಡವಾಗಲು ಕಾರಣ ತಿಳಿಸಿ ಎಂದಿದ್ದಾರೆ. ಹನ್ನೆರಡು ವರ್ಷದ ಹಿಂದೆ ಬರೆಯಬೇಕಿದ್ದ ಒಂದು ಪತ್ರ ಬರೆಯಲಿಲ್ಲ ಎಂದು ಅವರಿಗೆ ಹೇಗೆ ಬರೆಯಲಿ?