ಮೊಳೆ ಹೊಡೆಯದ ಗೋಡೆ

ಹೊಸಪೇಟೆಯಲ್ಲಿ ಗಂಗಾಂಬಿಕಾ ಬಾಡಿಗೆಗಿರದ ಓಣಿಯೇ ಇಲ್ಲ ಎನ್ನಬೇಕು. ಮನೆ ಬದಲಿಸಿದಾಗಲೆಲ್ಲ ಹಾಲುಕ್ಕಿಸಿ ಅವಳ ಪಾತ್ರೆಯ ತಳವೇ ಕಪ್ಪಾಗಿದೆ. "ಗ್ವಾಡಿಗಿ ಮೊಳಿ ಬಡೀಬ್ಯಾಡವಾ" ಎಂಬ ಈಗಿನ ಮನೆಯ ಓನರ್ ಜಡೆಪ್ಪನ ಮಾತಿಗೆ ಅಂಜಿ ಕ್ಯಾಲೆಂಡರನ್ನೂ ಕಿಟಕಿಯ ಸರಳಿಗೆ ಕಟ್ಟುತ್ತಾಳೆ, ಅವನು ಕೆಮ್ಮಿದರೂ "ಆತ್ರಿ ಅಣ್ಣಾರ" ಎನ್ನುತ್ತಾಳೆ. ಅಂಥವಳು, ಬಡಾವಣೆಯಲ್ಲಿ ಇನ್ನು ಹೊಸ ಮನೆ ಕಟ್ಟಬಾರದೆಂಬ ಠರಾವಿಗೆ ವಾರ್ಡ್ ಸಭೆಯಲ್ಲಿ ಉಳಿದವರೆಲ್ಲ ಒಪ್ಪಿದ ಮೇಲೆ, "ವಿರೋಧ ಯಾರದೈತ್ರಿ?" ಎಂದು ಅಧ್ಯಕ್ಷರು ಕೇಳಿದಾಗ ಒಬ್ಬಳೇ ಕೈಯೆತ್ತಿದಳು. ಎಲ್ಲರೂ ತಿರುಗಿ ನೋಡಿದರೂ ಇಳಿಸಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಜಡೆಪ್ಪ ಹೊರಳಿದ: "ಇರಾಕ ನಮ್ಮನಿ ಐತಲ್ಲವಾ, ಹೊಸವು ಯಾಕ ಬೇಕು? ನಾಳೆ ಖಾಲಿ ಮಾಡ್ತೀಯೇನು?" ಈ ಸಲ "ಆತ್ರಿ" ಬರಲಿಲ್ಲ. "ನಮ್ಮನಿಯವರು ತೀರಿ ಎಂಟು ವರ್ಷಾತ್ರಿ, ಅವರ ಫೋಟೋ ಇನ್ನೂ ನೆಲದ ಮ್ಯಾಲ ಐತಿ. ಮೊಳಿ ಬಡಿಯಾಕ ನನ್ನದಂತ ಒಂದು ಗ್ವಾಡಿ ಬೇಕ್ರಿ."