ತಲೆಯೊಳಗಿನ ಹಾಡು, ಎದೆಯೊಳಗಿನ ಡವಡವ

ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಒಂದು ಹಾಡು, ಹೇಳದೆ ಕೇಳದೆ ಬಂದು ನಡುಮನೆಯಲ್ಲಿ ಕಾಲು ಚಾಚಿ ಕೂರುವ ನೆಂಟರ ಹಾಗೆ, ನನ್ನ ತಲೆಯೊಳಗೆ ಬಂದು ಕೂತುಬಿಟ್ಟಿತು. ನಾನು ಅದನ್ನು ಕರೆದಿರಲಿಲ್ಲ. ಅದರ ಮೇಲೆ ನನಗೆ ವಿಶೇಷ ಪ್ರೀತಿಯೂ ಇಲ್ಲ. ಅನ್ನ ಬೆಂದು, ಸಾರು ಕುದಿದು, ಒಗ್ಗರಣೆ ಸಿಡಿದು, ಬಟ್ಟೆ ಒಣಹಾಕಿ ಬಂದರೂ ಅದೇ ಎರಡು ಸಾಲು ಸುತ್ತಿ ಸುತ್ತಿ ಬರುತ್ತಲೇ ಇತ್ತು. ನಿಮಗೂ ಹೀಗಾಗುತ್ತದೆಂದು ಬಲ್ಲೆ. ಇಲ್ಲವೆನ್ನುವವರನ್ನು ನಾನು ನಂಬುವುದಿಲ್ಲ. ಅವರು ಒಂದೋ ಯೋಗಿಗಳು, ಇಲ್ಲವೇ ಸುಳ್ಳುಗಾರರು, ಮತ್ತು ಯೋಗಿಗಳ ಪರಿಚಯ ನನಗೆ ಅಷ್ಟಾಗಿ ಇಲ್ಲ.

ಇದರಲ್ಲಿ ನನಗೆ ಬೆರಗು ಹುಟ್ಟಿಸುವುದು ಆ ಹಾಡಿನ ಸರಂಜಾಮು. ಸಂಗೀತದ ಗಂಧವೇ ಇಲ್ಲದವಳು ನಾನು. ಸ ಎಲ್ಲಿ ಮುಗಿದು ರಿ ಎಲ್ಲಿ ಶುರುವಾಗುತ್ತದೆಂದು ಕೇಳಿದರೆ ಕಣ್ಣು ಕಣ್ಣು ಬಿಡುವವಳು. ಬಾಯಿ ಬಿಟ್ಟು ಹಾಡಿದರೆ ಮನೆಯ ಬೆಕ್ಕು ಎದ್ದು ಹೊರಗೆ ಹೋಗುತ್ತದೆ. ಅಂಥವಳ ಕಪಾಲದೊಳಗೆ ಪಿಟೀಲುಗಳು ಒಟ್ಟಾಗಿ ಏಳುತ್ತವೆ, ತಬಲ ಒಂದು ಕ್ಷಣ ತಡೆದು ಬೀಳುತ್ತದೆ, ಎರಡು ಸಾಲುಗಳ ನಡುವೆ ಕೊಳಲೊಂದು ಇಣುಕಿ ಹೋಗುತ್ತದೆ, ಗಾಯಕಿ ಉಸಿರೆಳೆದುಕೊಂಡ ಸದ್ದು ಕೂಡ ತಪ್ಪದೆ ಕೇಳಿಸುತ್ತದೆ. ಕನ್ನಡಕ ಎಲ್ಲಿಟ್ಟೆನೆಂಬುದನ್ನು ನೆನಪಿಡಲಾರದ ತಲೆ ಇದು! ನುಡಿಸುವವರು ಯಾರು, ಕೇಳುವವರು ಯಾರು, ದೀಪವಿಲ್ಲದ ಆ ಕತ್ತಲಿನಲ್ಲಿ ಅಷ್ಟು ಜನಕ್ಕೆ ಜಾಗವಾದರೂ ಎಲ್ಲಿ? ಯೋಚಿಸಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಆ ತಲೆಗೆ ಇನ್ನೊಂದು ಒಕ್ಕಲೂ ಉಂಟು. ಅದರ ಹೆಸರು ಕಳವಳ. ಬರುವುದಕ್ಕೆ ಅದಕ್ಕೆ ಕಾರಣವೇ ಬೇಕಾಗಿಲ್ಲ. ಏನಾದರೂ ಕೆಟ್ಟಿದ್ದರೆ ಕೆಟ್ಟಿತಲ್ಲ ಎಂದು, ಎಲ್ಲವೂ ನೆಟ್ಟಗಿದ್ದರೆ ಇಷ್ಟು ನೆಟ್ಟಗೆ ಏಕಿದೆ ಎಂದು ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ನಾಲಿಗೆ ಒಣಗುತ್ತದೆ. ಇವೆರಡೂ ಒಂದೇ ಕೋಣೆಯಲ್ಲಿ ಒಂದರ ಮುಖ ಒಂದು ನೋಡದೆ ಸಂಸಾರ ಮಾಡುತ್ತವೆ. ತಾಯಿಯ ತಾಯಿ, ನಮ್ಮ ನಾನಿ, ತೀರಿಕೊಂಡ ದಿನ ಮನೆ ತುಂಬ ಅಳು. ನನ್ನ ಎದೆಯಲ್ಲೂ ತಡೆಯಲಾರದ ಸಂಕಟ, ಗಾಬರಿ. ತಲೆಯೊಳಗೆ ಮಾತ್ರ ರೇಡಿಯೋದ ಹಲ್ಲುಪುಡಿಯ ಜಾಹೀರಾತು ಕುಣಿಯುತ್ತಿತ್ತು. ನಾನು ಕೆಟ್ಟವಳೋ ಹುಚ್ಚಿಯೋ, ಎರಡರಲ್ಲೊಂದು ನಿಶ್ಚಯವೆಂದು ಆ ಹದಿಹರೆಯದಲ್ಲಿ ತೀರ್ಮಾನಿಸಿಕೊಂಡೆ, ಯಾರಿಗೂ ಹೇಳಲಿಲ್ಲ.

ಈಗ ಹೇಳಹೊರಟಿರುವುದು ಅದಾದ ಕೆಲವು ವರ್ಷಗಳ ಮೇಲಿನ, ಎಪ್ಪತ್ತರ ದಶಕದ ಮಾತು. ನನ್ನ ತಂದೆ, ಅಬ್ಬ, ತುಮಕೂರಿನಲ್ಲಿ ಪಿಂಜಾರರು. ಹಾಸಿಗೆ ದಿಂಬುಗಳ ಹಳೆಯ ಹತ್ತಿಯನ್ನು ದೊಡ್ಡ ಬಿಲ್ಲಿನಿಂದ ಹಿಂಜಿ ಹೊಸದರಂತೆ ಮಾಡಿಕೊಡುವುದು ಅವರ ಕಸುಬು. ಆ ಧೂಳು ಕುಡಿದು ಕುಡಿದು ಅವರ ಎದೆ ಗೊರಗೊರ ಎನ್ನತೊಡಗಿ, ಇನ್ನು ಬಿಲ್ಲು ಮುಟ್ಟಬಾರದೆಂದು ಡಾಕ್ಟರು ಹೇಳಿದ ವರ್ಷವೇ ನನಗೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಮನೆ ನಡೆಯುವುದಿದ್ದರೆ ಇನ್ನು ಆ ಕೆಲಸದಿಂದಲೇ. ಆದರೆ ಅದಿನ್ನೂ ಕಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರು ಬಂದು, ಪಾಠ ನೋಡಿ, ಪರವಾಗಿಲ್ಲ ಎಂದರೆ ಉಂಟು, ಇಲ್ಲವಾದರೆ ಇಲ್ಲ. ಪಿಂಜಾರರ ಹುಡುಗಿ ಷಟ್ಪದಿ ಓದುತ್ತಾಳಂತೆ ಎಂದು ಊರಿನವರು ಕುತೂಹಲದಿಂದ ನೋಡುತ್ತಿದ್ದರು. ಕುತೂಹಲವನ್ನೂ ನಾನು ಅನುಮಾನವೆಂದೇ ಓದಿಕೊಳ್ಳುತ್ತಿದ್ದೆ. ಅದು ನನ್ನ ಜಾಯಮಾನ.

ದಿನವೂ ತುಮಕೂರಿನಿಂದ ಗುಬ್ಬಿಗೆ ಒಂದು ಬಸ್ಸು, ಗುಬ್ಬಿಯಿಂದ ಸಿ.ಎಸ್. ಪುರಕ್ಕೆ ಇನ್ನೊಂದು. ಮೇಲೆ ತೆಂಗಿನಕಾಯಿ ಮೂಟೆ, ಒಳಗೆ ಜನ, ಜನರ ನಡುವೆ ಕೋಳಿ, ಕೋಳಿಯ ಪಕ್ಕ ನಾನು. ಬಸ್ಸು ಮಗುಚಿದರೆ, ಶಾಲೆಗೆ ತಡವಾದರೆ, ಅಬ್ಬನಿಗೆ ಉಸಿರು ಕಟ್ಟಿದರೆ, ಇವತ್ತೇ ಇನ್ಸ್‌ಪೆಕ್ಟರು ಬಂದುಬಿಟ್ಟರೆ ಎಂದು ಭಯ ಒಂದೊಂದೇ ಪ್ರಶ್ನೆ ಕೇಳುತ್ತಾ ಬರುತ್ತಿತ್ತು. ಅದೇ ಹೊತ್ತಿಗೆ ತಲೆಯೊಳಗೆ ಒಂದು ಕ್ಯಾಬರೆ ಹಾಡು. ಕ್ಯಾಬರೆಯೇ ಏಕೆಂದು ಕೇಳುತ್ತೀರೇನು? ಕುಣಿಗಲ್ಲಿನ ನೆಂಟರ ಮದುವೆಯಲ್ಲಿ ಮೈಕ್‌ಸೆಟ್ಟಿನವನ ಹತ್ತಿರ ಗೀರು ಬೀಳದೆ ಉಳಿದಿದ್ದ ರೆಕಾರ್ಡು ಅದೊಂದೇ. ತೆಂಗಿನಮರಕ್ಕೆ ಕಟ್ಟಿದ ಹಾರ್ನಿನಿಂದ ಬೆಳಗಿನಿಂದ ಬೈಗಿನವರೆಗೆ ಅದೇ ಹಾಡು ಸುರಿಯಿತು, ನಡುವೆ ಬಿರಿಯಾನಿಗೆ ಮಾತ್ರ ಬಿಡುವು. ಮದುವೆಯವರು ಸಂಜೆಗೆ ಅದನ್ನು ಮರೆತರು. ನಾನು ಮಾತ್ರ ಅದನ್ನು ತಲೆಯಲ್ಲಿ ಹೊತ್ತುಕೊಂಡು ತುಮಕೂರಿಗೆ ಬಂದೆ.

ನಿದ್ದೆಗೆಟ್ಟು ಕಣ್ಣು ಒಳಗೆ ಹೋದಾಗ ಕೊನೆಗೂ ಅಬ್ಬನಿಗೆ ಹೇಳಿದೆ. ಭಯದ ವಿಷಯ ಹೇಳಲಿಲ್ಲ, ಹಾಡಿನದು ಮಾತ್ರ. ಕ್ಯಾಬರೆ ಎಂದೂ ಹೇಳಲಿಲ್ಲ, ಅಷ್ಟು ಬುದ್ಧಿ ನನಗೆ ಆಗಲೂ ಇತ್ತು. ನಮ್ಮ ಮನೆಮಾತು ಉರ್ದು. ಆದರೆ ಯಾವುದಾದರೂ ವಿಷಯವನ್ನು ಖಡಾಖಂಡಿತ ಇತ್ಯರ್ಥ ಮಾಡಬೇಕಾದಾಗ ಅಬ್ಬ ಗಿರಾಕಿಗಳ ಜೊತೆ ಆಡುವ ಕನ್ನಡಕ್ಕೆ ತಿರುಗುತ್ತಿದ್ದರು. ನನ್ನ ದಿಂಬನ್ನು ತರಿಸಿ, ಅಲ್ಲಲ್ಲಿ ಹಿಚುಕಿ ನೋಡಿ, ತಲೆಯಾಡಿಸಿದರು.

"ಹತ್ತಿ ಗಂಟು ಕಟ್ಕೊಂಡದೆ ಕಣಮ್ಮ. ತಲೆ ಇದ್ರ ಮೇಲೇ ಅಲ್ವಾ ಇಡೋದು? ಹಿಂಜ್‌ಬಿಟ್ರೆ ಎಲ್ಲಾ ಸರಿಹೋಯ್ತದೆ."

ಬೇಡವೆಂದರೆ ಕೇಳಲಿಲ್ಲ. ಅಟ್ಟ ಸೇರಿದ್ದ ಬಿಲ್ಲು ಕೆಳಗಿಳಿಯಿತು. ಅಮ್ಮಿ ಬೈಯುತ್ತಿದ್ದ ಹಾಗೆಯೇ ಹಿತ್ತಲಿನಲ್ಲಿ ಕೂತು, ಮೂಗಿಗೆ ಟವಲು ಕಟ್ಟಿಕೊಂಡು, ಕೆಮ್ಮಿಗೊಮ್ಮೆ ನಿಂತು ಮತ್ತೆ ಶುರುಮಾಡುತ್ತಾ ಅವರು ಆ ದಿಂಬಿನ ಹತ್ತಿಯನ್ನೆಲ್ಲ ಮೋಡದ ಹಾಗೆ ಎಬ್ಬಿಸಿದರು. ಅಷ್ಟು ಮೆತ್ತನೆಯ ದಿಂಬಿನ ಮೇಲೆ ನಾನು ಮತ್ತೆಂದೂ ತಲೆಯಿಟ್ಟಿಲ್ಲ. ಹಾಡು ಹೋಗಲಿಲ್ಲ, ಅದರ ಜೊತೆಗೆ ಬಿಲ್ಲಿನ ಡಂಯ್ ಡಂಯ್ ಕೂಡ ಸೇರಿಕೊಂಡು ಗೋಷ್ಠಿ ಭರ್ತಿಯಾಯಿತು. ಬೆಳಿಗ್ಗೆ ಅಬ್ಬ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಹೋಯಿತೆಂದೆ. ಇನ್ನೇನು ಹೇಳಲಿ, ಅವರ ಮುಖ ನೋಡಿ? ಅವರು ಆ ಸಂತೋಷವನ್ನು ಓಣಿಗೆಲ್ಲ ಹಂಚಿದ ಪರಿಣಾಮವಾಗಿ ಎರಡು ದಿನ ನಿದ್ದೆ ಬಾರದ ಹೆಂಗಸರೆಲ್ಲ ದಿಂಬು ಹೊತ್ತು ಬಂದರು. ಅಮ್ಮಿ ಅವರನ್ನು ಬಾಗಿಲಿನಿಂದಲೇ ಸಾಗಹಾಕಿದಳು.

ಅಪಘಾತ ನಡೆದದ್ದು ತರಗತಿಯಲ್ಲಿ. ತಾಯಿಯೊಬ್ಬಳು ಮಗನಿಗಾಗಿ ಅಳುವ ಒಂದು ಪದ್ಯ ಪಾಠಕ್ಕಿತ್ತು, ಭಾಮಿನಿ ಷಟ್ಪದಿ. ಕನ್ನಡ ಮೇಷ್ಟ್ರುಗಳಾದವರು ಪದ್ಯವನ್ನು ರಾಗವಾಗಿ ಓದಬೇಕೆಂಬುದು ಸಂಪ್ರದಾಯ. ನಾನು ಬಾಯಿ ತೆರೆದೆ, ಹೊರಗೆ ಬಂದದ್ದು ಕುಣಿಗಲ್ಲಿನ ಆ ಕ್ಯಾಬರೆ ಧಾಟಿ! ಮೂರು ನಾಲ್ಕು, ಮೂರು ನಾಲ್ಕು ಎಂದು ನಡೆಯುವ ಪದ್ಯದ ಹೆಜ್ಜೆಗೆ ಹಾಡಿನ ಹೆಜ್ಜೆ ಒಂದಿಷ್ಟೂ ಜಾರದೆ ಕೂತಿತು. ಮೂರನೆಯ ಸಾಲಿನ ಕೊನೆಯ ಗುರುವಿಗಂತೂ ಆ ಹಾಡಿನಲ್ಲಿ ಒಂದು ಉದ್ದನೆಯ ಎಳೆತ ಮೊದಲೇ ಸಿದ್ಧವಾಗಿತ್ತು. ಕವಿಗೂ ಕ್ಯಾಬರೆಗೂ ನಡುವೆ ಇಷ್ಟು ಶತಮಾನಗಳಿದ್ದೂ ಇಬ್ಬರ ಲೆಕ್ಕ ಹೇಗೆ ತಾಳೆಯಾಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ. ಹೆದರಿ ಧಾಟಿಯನ್ನು ತುಂಬ ನಿಧಾನ ಮಾಡಿದೆ, ಮೂಲ ಯಾರಿಗೂ ಗೊತ್ತಾಗದಿರಲಿ ಎಂದು. ಮಕ್ಕಳಿಗೆ ಮೂಲ ಬೇಕಿರಲಿಲ್ಲ. ಒಂದೇ ವಾರದಲ್ಲಿ ಸಿ.ಎಸ್. ಪುರದ ದನ ಕಾಯುವ ಬಯಲಿನಲ್ಲೂ ಬಾವಿಕಟ್ಟೆಯಲ್ಲೂ ಆ ತಾಯಿ ಅದೇ ಧಾಟಿಯಲ್ಲಿ ಅಳುತ್ತಿದ್ದಳು. ತರಗತಿಯಲ್ಲಿ ನಾನು ಬಲಗೈ ಎತ್ತಿದರೆ ಸಾಕು, ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುತ್ತಿದ್ದರು. ಬೇರೆ ರಾಗ ಕಲಿಸಲು ಹೋದರೆ ನನ್ನ ತಲೆಯೇ ಒಪ್ಪುತ್ತಿರಲಿಲ್ಲ.

ಇನ್ಸ್‌ಪೆಕ್ಟರು ಬಂದೇಬಂದರು. ಕಟ್ಟುನಿಟ್ಟಿನ ಮನುಷ್ಯ, ನಗುವುದನ್ನು ಕಂಡವರಿಲ್ಲವೆಂದು ಹೆಡ್ಮಾಸ್ಟರು ಮೊದಲೇ ನನ್ನನ್ನು ಸಾಕಷ್ಟು ಸಾಯಿಸಿದ್ದರು. ಅವರು ಹಿಂದಿನ ಬೆಂಚಿನಲ್ಲಿ ಕೂತು, ಪುಸ್ತಕ ತಿರುವಿ, ಅದೇ ಪದ್ಯ ಓದಿಸಿ ಎಂದರು. ನಾನು ಎದ್ದು ನಿಂತೆ. ಕಣ್ಣಿಗೆ ಕತ್ತಲೆ ಬಂತು. ಅಬ್ಬನ ಎದೆಯ ಗೊರಗೊರ ನನ್ನ ಕಿವಿಯಲ್ಲೇ ಕೇಳಿಸಿತು. ಆಗಲೇ ಇನ್ನೊಂದು ನಡೆಯಿತು: ಹಾಡು ನಿಂತುಹೋಯಿತು. ಬುದ್ಧಿ ಬಂದಂದಿನಿಂದ ಒಂದು ಗಳಿಗೆಯೂ ಸುಮ್ಮನಿರದ ತಲೆಯಲ್ಲಿ ಸದ್ದೇ ಇಲ್ಲ. ಯಾವ ಮೌನಕ್ಕಾಗಿ ಅಷ್ಟು ವರ್ಷ ಬೇಡಿಕೊಂಡಿದ್ದೆನೋ ಅದು ಬಂದಿತ್ತು, ಮತ್ತು ನನಗೆ ಒಂದೇ ಒಂದು ಅಕ್ಷರ ನೆನಪಾಗಲಿಲ್ಲ.

ಬೀಳದಿರಲಿ ಎಂದು ಬಲಗೈ ಎತ್ತಿ ಕರಿಹಲಗೆಯ ಚೌಕಟ್ಟು ಹಿಡಿದುಕೊಂಡೆ. ಮಕ್ಕಳಿಗೆ ಕೈ ಎದ್ದದ್ದಷ್ಟೇ ಕಂಡದ್ದು. ಮೇಡಂ ಶುರುಮಾಡಿ ಎಂದರೆಂದು ಅವು ಶುರುಮಾಡಿಬಿಟ್ಟವು, ನಿಧಾನವಾಗಿ, ನಾನು ಕಳ್ಳತನ ಮುಚ್ಚಲು ಎಷ್ಟು ನಿಧಾನ ಮಾಡಿದ್ದೆನೋ ಅಷ್ಟೇ ನಿಧಾನವಾಗಿ. ನಾನು ಆ ದಿನದವರೆಗೆ ಅದನ್ನು ಕೇಳಿಯೇ ಇರಲಿಲ್ಲ. ನನ್ನ ತಲೆಯ ಗದ್ದಲದಲ್ಲಿ ಕೇಳಲು ಕಿವಿ ಎಲ್ಲಿ ಬಿಡುವಾಗಿತ್ತು? ಅವತ್ತು ಕೇಳಿದೆ. ಕುಣಿಯುವುದಕ್ಕೆಂದು ಹುಟ್ಟಿದ ಧಾಟಿ ಆ ಮಕ್ಕಳ ಬಾಯಲ್ಲಿ ಬಿಕ್ಕುತ್ತಿತ್ತು. ಮೂರನೆಯ ಸಾಲಿನ ಎಳೆತಕ್ಕೆ ಬಂದಾಗ ಅದು ಅಳುವುದಕ್ಕೇ ಮಾಡಿದ ಜಾಗವೆನ್ನಿಸಿತು. ತಮಗೆ ಏನೂ ಗೊತ್ತಿಲ್ಲದೆ, ಮೂಗು ಸುರಿಸಿಕೊಂಡು, ಬೆಂಚಿನ ಕೆಳಗೆ ಕಾಲು ಅಲ್ಲಾಡಿಸುತ್ತಾ ಅವು ಹಾಡುತ್ತಿದ್ದವು, ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಇಷ್ಟು ದೊಡ್ಡದೊಂದು ನನ್ನ ಮೂಲಕ ಹಾದುಹೋಗಿತ್ತಲ್ಲ ಎಂದು ಭಯಕ್ಕಿಂತ ಬೇರೆಯದೇ ನಡುಕ ಬಂತು.

ಪದ್ಯ ಮುಗಿಯಿತು. ಇನ್ಸ್‌ಪೆಕ್ಟರು ಮಕ್ಕಳನ್ನು ಹೊರಗೆ ಕಳಿಸಿದರು, ಹೆಡ್ಮಾಸ್ಟರನ್ನೂ ಕಳಿಸಿದರು. ಕೆಲಸ ಹೋಯಿತೆಂದುಕೊಂಡೆ. ಮನೆಯಲ್ಲಿ ಹೇಗೆ ಹೇಳುವುದೆಂದು ವಾಕ್ಯ ಕೂಡ ಜೋಡಿಸಿಕೊಳ್ಳತೊಡಗಿದೆ.

"ನಿಜ ಹೇಳಿಯಮ್ಮ," ಎಂದರು. "ಇದು ಆ ಸಿನಿಮಾ ಹಾಡೇ ಅಲ್ವಾ?"

ಹೌದೆಂದೆ. ಸುಳ್ಳಿಗೆ ಬೇಕಾದ ಉಸಿರೂ ನನ್ನಲ್ಲಿ ಉಳಿದಿರಲಿಲ್ಲ. ತಲೆಯೊಳಗೆ ಹೊಕ್ಕಿದ್ದು ಬಾಯಿಗೆ ಬಂದುಬಿಟ್ಟಿತೆಂದು ಹೇಳಿದೆ. ಅವರು ಕರ್ಚೀಫು ತೆಗೆದು ಅಂಗೈ ಒರೆಸಿಕೊಂಡರು. ಬೇಸಗೆಯೇನಲ್ಲ, ಆ ಒರೆಸುವಿಕೆ ನನಗೆ ಚೆನ್ನಾಗಿ ಗೊತ್ತಿದ್ದದ್ದು.

"ನನ್ ತಲೇಲೂ ಇದೇ ಓಡ್ತಿದೆ. ಎಷ್ಟು ದಿವ್ಸ ಆಯ್ತೋ. ಎರಡೇ ಸಾಲು. ಎದೆ ಬೇರೆ ಸುಮ್‌ಸುಮ್ನೆ ಹೊಡ್ಕೊಳ್ಳುತ್ತೆ. ಮನೇಲಿ ಹೇಳಿಲ್ಲ, ಹುಚ್ಚು ಅಂದ್ಕೋತಾರೆ." ಕರ್ಚೀಫು ಮಡಿಸುತ್ತಾ ಹೇಳಿದರು, "ಇವತ್ತೇ ಅದು ಕೊನೆ ಮುಟ್ಟಿ ನಿಂತಿದ್ದು ನೋಡಿ. ಮತ್ತೆ ಬರುತ್ತಾ?"

ಇಡೀ ತಾಲ್ಲೂಕಿನ ಮೇಷ್ಟ್ರುಗಳನ್ನು ನಡುಗಿಸುವ ಮನುಷ್ಯ, ಪ್ರೊಬೇಷನ್ನಿನ ಹುಡುಗಿಯ ಮುಂದೆ ನಿಂತು, ಡಾಕ್ಟರನ್ನು ಕೇಳುವ ಹಾಗೆ ಕೇಳುತ್ತಿದ್ದರು. "ಬರುತ್ತೆ ಸಾರ್, ನಂಗೂ ಬರುತ್ತೆ. ಎರಡೂ," ಎಂದೆ. ಹುಟ್ಟಿದಂದಿನಿಂದ ಆ ಮಾತನ್ನು ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು. ಅವರು ತಲೆಯಾಡಿಸಿದರು. ಪಾಠ ಚೆನ್ನಾಗಿದೆ, ಕೆಲಸದ ವಿಷಯಕ್ಕೆ ಚಿಂತೆ ಬೇಡ, ಆ ರಾಗವನ್ನು ಬದಲಾಯಿಸಬೇಡಿ ಎಂದಿಷ್ಟು ಹೇಳಿ, ಮೊದಲಿನಂತೆಯೇ ಮುಖ ಬಿಗಿದುಕೊಂಡು ಹೊರಗೆ ಹೋದರು.

ಸಂಜೆಯ ಬಸ್ಸಿನಲ್ಲಿ ಕೂತಾಗಲೂ ನನ್ನ ತಲೆ ಖಾಲಿಯಾಗಿಯೇ ಇತ್ತು. ಕೆಲಸ ಉಳಿಯಿತು, ಅಬ್ಬ ಇನ್ನು ಬಿಲ್ಲು ಮುಟ್ಟಬೇಕಾಗಿಲ್ಲ, ಹಿಗ್ಗಬೇಕಾದ ಹೊತ್ತು. ಗುಬ್ಬಿ ಹತ್ತಿರವಾಗುತ್ತಿದ್ದಂತೆ, ರೂಢಿಯ ಪ್ರಕಾರ, ಎದೆ ಹೊಡೆದುಕೊಳ್ಳತೊಡಗಿತು. ಈ ಸಲ ಭಯ ಒಂದೇ ಬಂತು, ಜೊತೆಗಾರರಿಲ್ಲದೆ. ಅಬ್ಬಬ್ಬ, ಹಾಡಿಲ್ಲದ ಭಯದ ಮುಖವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ! ಅಷ್ಟು ವರ್ಷವೂ ನನಗೂ ಅದಕ್ಕೂ ನಡುವೆ ಯಾರು ಅಡ್ಡ ನಿಂತಿದ್ದರೆಂದು ಆಗ ಗೊತ್ತಾಯಿತು. ಜಾಹೀರಾತು, ಕ್ಯಾಬರೆ, ಏನಾದರೂ ಸರಿ ಬಾ ಮಾರಾಯ್ತಿ ಎಂದು ಮನಸ್ಸಿನಲ್ಲೇ ಕರೆದೆ. ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ವೀಳ್ಯದೆಲೆಯ ಬುಟ್ಟಿಯ ಅಜ್ಜಿ, ಮುಂದೆ ತೂಕಡಿಸುತ್ತಿದ್ದವರು, ಶಿಳ್ಳೆ ಮರೆತ ಕಂಡಕ್ಟರು, ಇವರೆಲ್ಲರ ತಲೆಯೊಳಗೂ ಯಾವುದೋ ಒಂದು ಕಾವಲು ಹಾಡು ಓಡುತ್ತಿರಬಹುದಲ್ಲವೆ, ಸದ್ದೇ ಇಲ್ಲದ ಈ ಬಸ್ಸಿನೊಳಗೆ ಎಷ್ಟು ಗಾಯನ ನಡೆಯುತ್ತಿರಬಹುದು, ನನ್ನೊಬ್ಬಳದೇ ನಿಂತಿತೆ ಎನ್ನಿಸಿತು.

ತುಟಿಯೊಳಗೇ ನಾನು ಪದ್ಯ ಎತ್ತಿಕೊಂಡೆ. ಮೂರನೆಯ ಸಾಲಿನ ಎಳೆತಕ್ಕೆ ನನ್ನ ಉಸಿರು ಸಾಲದೆ ನಿಂತಿತು. ಒಳಗಿನದು ನಿಲ್ಲಲಿಲ್ಲ. ಗಾಯಕಿಯಿಲ್ಲ, ಪಿಟೀಲಿಲ್ಲ, ಸಿ.ಎಸ್. ಪುರದ ನನ್ನ ಮಕ್ಕಳು, ಸ್ವಲ್ಪ ಶ್ರುತಿ ತಪ್ಪಿ, ಒಂದೊಂದು ದನಿಯೂ ಯಾರದೆಂದು ಹೆಸರು ಹಿಡಿದು ಹೇಳಬಹುದಾದಷ್ಟು ಸ್ಪಷ್ಟವಾಗಿ ನಾಲ್ಕನೆಯ ಸಾಲಿಗೆ ಹೋದರು. ತುಮಕೂರು ಬರುವವರೆಗೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಅವರು ಹಾಡುತ್ತಲೇ ಇದ್ದರು. ನಿಲ್ಲಿಸಬೇಡಿ ಮಕ್ಕಳೇ, ನಿಲ್ಲಿಸಬೇಡಿ ಎಂದು ನಾನು ಕಿಟಕಿಗೆ ತಲೆಯಾನಿಸಿ ಅಳುತ್ತಿದ್ದೆ.