ಮೂಲೆಯಿಲ್ಲದ ಮನೆ

ಗೋಡೆಯಲ್ಲೂ ಬಯಲಲ್ಲೂ ಒಂದೇ ಸಮನೆ ತುಂಬಿರುವ ಸ್ವಾಮಿಗೆ ಮೊದಲು ನಮಸ್ಕಾರ.

ಐವತ್ತರ ದಶಕದ ಮಾತು. ಅರಕಲಗೂಡಿನ ಹತ್ತಿರ ಗೌಡರೊಬ್ಬರು ಯಾವುದೋ ಪರದೇಶದ ಚಿತ್ರ ನೋಡಿ, ಬಟ್ಟಲು ಕವುಚಿಟ್ಟಂಥ ದುಂಡನೆಯ ಮನೆ ಕಟ್ಟಿಸಿದ್ದರು. ಗೃಹಪ್ರವೇಶ ಮಾಡಿಸಲು ಹೋದ ನನಗೆ ದೇವರನ್ನಿಡಲು ಈಶಾನ್ಯದ ಮೂಲೆಯೇ ಸಿಗಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಗೌಡತಿ ಹೊಸಿಲು ದಾಟಲೊಲ್ಲರು.

"ಸತ್ತೋದ ನಮ್ಮತ್ತೆ ಒಳಗೆ ಪಿಸಪಿಸ ಅಂತಾರೆ ಸ್ವಾಮಿ. ಸಾಯೋ ದಿನ ನೀರು ಕೇಳಿದ್ರು, ನಾನು ಮುನಿಸ್ಕೊಂಡು ತಡ ಮಾಡ್ಬುಟ್ಟೆ."

"ದುಂಡು ಗೋಡೆ ಆ ಕಡೆಯ ಮಾತನ್ನು ಈ ಕಡೆಗೆ ತರುತ್ತದೆ, ಅಷ್ಟೇ ತಾಯಿ. ಬನ್ನಿ, ತೋರಿಸ್ತೀನಿ. ನೀವು ಏನಾದರೂ ಮೆಲ್ಲಗೆ ಅನ್ನಿ, ನಾನು ಅಲ್ಲಿಂದ ರಾಮ ಅಂತೀನಿ."

ಅವರನ್ನು ಹೇಗೋ ಒಪ್ಪಿಸಿ ಒಳಗೆ ಕರೆತಂದು, ಬಾಗಿಲ ಪಕ್ಕದ ಗೋಡೆಗೆ ಮುಖಮಾಡಿಸಿ ನಿಲ್ಲಿಸಿ, ನಾನು ಎದುರು ಗೋಡೆಗೆ ಕಿವಿಕೊಟ್ಟೆ. "ಅತ್ತೆ, ತಪ್ಪಾಯ್ತು" ಎಂಬ ಪಿಸುಮಾತು ನನ್ನ ಕಿವಿಯೊಳಗೇ ಹುಟ್ಟಿದಂತಿತ್ತು. ಮೈ ಜುಮ್ಮೆಂದು, ಬಾಯಿಂದ ರಾಮನಾಮವೂ ಹೊರಡಲಿಲ್ಲ.

ಗೌಡತಿ ಕಣ್ಣೊರೆಸಿಕೊಂಡು ನಗುತ್ತಾ ತಿರುಗಿದರು. "ಥೇಟ್ ನಮ್ಮತ್ತೆ ದನೀಲೇ 'ಓಗ್ಲಿ ಬುಡವ್ವ' ಅಂದ್ಬುಟ್ರಲ್ಲ ಸ್ವಾಮಿ! ಎಲ್ಲಿ ಕಲ್ತ್ರಿ?"

ನಾನು ತುಟಿಯನ್ನೇ ಬಿಚ್ಚಿರಲಿಲ್ಲ. ಆದರೂ ಆ ಹೊಗಳಿಕೆಯನ್ನು ಸುಮ್ಮನೆ ಒಪ್ಪಿಕೊಂಡು, ದೇವರನ್ನು ಆ ಗೋಡೆಗೇ ಒರಗಿಸಿ ಬಂದೆ. ಇದನ್ನು ಕೇಳಿದ ನಿಮ್ಮೆಲ್ಲರ ಮನೆಯ ಗೋಡೆಗಳೂ ಹೀಗೇ ಮನ್ನಿಸುವಂಥವಾಗಲಿ.